ಜಲ್ಲಿ ತೆಗೆದ ಗುಂಡಿಯಲ್ಲಿ ಗುಳುಮುಳುಕನ ಕುಣಿತ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಹೋಗುವವರು ಅರ್ಧ ದಿನ ಉಳಿಸಿಕೊಂಡು ಆಟೆನ್‌ಬರೋ ಕೆರೆಗಳನ್ನು ನೋಡಿಬನ್ನಿ. ರೈಲಿನಲ್ಲಿ ಸುಮಾರು ಹತ್ತು ನಿಮಿಷ. ಆಟೆನ್‌ಬರೋ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಭಾನುವಾರ ಮಾತ್ರ ರೈಲಿನ ಸಮಯ ಸರಿಯಾಗಿ ನೋಡಿಕೊಳ್ಳಿ. ನಾನು ಹೊರಟದ್ದು ಮಾರ್ಚ್ ಕೊನೆಯ ಭಾನುವಾರ, ಬ್ರಿಟನ್ನಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ದಿನ. ಫೋನು ತಾನಾಗಿ ಬದಲಾಗಿತ್ತು, ನಾನು ನಂಬಿದ್ದು ಕೈಗಡಿಯಾರವನ್ನು. ರೈಲು ಹೋಗಿ ಎಷ್ಟೋ ಹೊತ್ತಾಗಿತ್ತು.

ಇವು ಕಟ್ಟಿದ ಕೆರೆಗಳಲ್ಲ. ಟ್ರೆಂಟ್ ನದಿಯ ಬಯಲಿನಲ್ಲಿ 1929ರಿಂದ ಮರಳು, ಜಲ್ಲಿ ಅಗೆದರು. ಅಗೆದಲ್ಲೆಲ್ಲ ಅಂತರ್ಜಲ ತಾನೇ ತುಂಬಿಕೊಂಡಿತು. 1966ರಲ್ಲಿ ಇದು ಸಂರಕ್ಷಿತ ತಾಣವಾಯಿತು. ಉದ್ಘಾಟಿಸಿದವರು ಪ್ರಕೃತಿ ಚಿತ್ರಗಳ ಖ್ಯಾತ ನಿರೂಪಕ ಡೇವಿಡ್ ಆಟೆನ್‌ಬರೋ. ಊರಿನದೂ ಅವರದೂ ಒಂದೇ ಹೆಸರು! ಗುಂಡಿಗಳ ನಡುವೆ ಉಳಿದ ಸಣ್ಣ ಏರಿಗಳೇ ಈಗ ಕಾಲುದಾರಿ. ಎರಡೂ ಕಡೆ ನೀರಿರುವುದರಿಂದ ಹಕ್ಕಿ ಹುಡುಕಿ ಅಲೆಯಬೇಕಿಲ್ಲ.

ನಾಮದ ಕೋಳಿ, ಬೂದು ಬಕ, ಸಣ್ಣ ಮಿಂಚುಳ್ಳಿ ಎಲ್ಲ ನಮ್ಮ ಕೆರೆಗಳಲ್ಲಿರುವ ಜಾತಿಯವೇ. ಅವುಗಳಿಗೆ ಹೆಚ್ಚು ಹೊತ್ತು ಕೊಡಬೇಡಿ. ಕೂತು ನೋಡಬೇಕಾದ್ದು ದೊಡ್ಡ ಗುಳುಮುಳುಕ (ಗ್ರೇಟ್ ಕ್ರೆಸ್ಟೆಡ್ ಗ್ರೀಬ್) ಎಂಬ ನೀರುಹಕ್ಕಿಯನ್ನು. ಜೋಡಿ ಎದುರುಬದುರು ಬಂದು, ತಲೆಯ ಕರಿಜುಟ್ಟು ನಿಗುರಿಸಿ, ಕೆನ್ನೆಯ ಕೆಂಗಂದು ಗರಿಯನ್ನು ಬೀಸಣಿಗೆಯಂತೆ ಬಿಚ್ಚಿ, ಬೇಡ ಬೇಡ ಎನ್ನುವಂತೆ ತಲೆ ಅಲ್ಲಾಡಿಸುತ್ತಿದ್ದವು. ಮುಗಿಯಿತು ಅಂದುಕೊಂಡು ನಾನು ಥರ್ಮಾಸ್ ಮುಚ್ಚಳ ತೆಗೆದೆ. ಎರಡೂ ಮುಳುಗಿದವು. ಮೇಲೆದ್ದಾಗ ಇಬ್ಬರ ಕೊಕ್ಕಿನಲ್ಲೂ ನೀರುಪಾಚಿಯ ಎಳೆ. ಎದೆಗೆ ಎದೆ ತಾಗಿಸಿ, ನೀರಿನ ಮೇಲೆ ನೆಟ್ಟಗೆ ನಿಂತವು. ಎರಡು ಮೂರು ಕ್ಷಣ, ಅಷ್ಟೇ. ಇದೇ ಗರಿಗಾಗಿ, ಹೆಂಗಸರ ಟೋಪಿಗೆಂದು, 19ನೇ ಶತಮಾನದಲ್ಲಿ ಇವನ್ನು ಬೇಟೆಯಾಡಿ ಬ್ರಿಟನ್ನಿನಿಂದ ಅಳಿಸಿಯೇ ಬಿಡುವಂತಾಗಿತ್ತು. ಈ ಕುಣಿತಕ್ಕೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ, ಬೆಳಗಿನ ಹೊತ್ತಾದರೆ ಇನ್ನೂ ಒಳ್ಳೆಯದು.

ಆಫ್ರಿಕಾದಿಂದ ಆಗಷ್ಟೇ ಬಂದಿದ್ದ ಸ್ಯಾಂಡ್ ಮಾರ್ಟಿನ್‌ಗಳು ನೀರಿಗೆ ತಾಗಿದಂತೆ ಹಾರುತ್ತಿದ್ದವು. ಮರಳುದಿಬ್ಬ ಕೊರೆದು ಗೂಡು ಮಾಡುವ ಹಕ್ಕಿ, ಹಾಗಾಗಿ ಗಣಿ ಅವಕ್ಕೆ ಹಿಡಿಸುತ್ತದೆ. ಬಕದ ಜಾತಿಯ ಬಿಟರ್ನ್ ನೋಡುವ ಆಸೆಯಿದ್ದರೆ ಚಳಿಗಾಲದಲ್ಲಿ ಹೋಗಿ, ಆದರೂ ಜೊಂಡಿನ ಬಣ್ಣದಲ್ಲೇ ಕರಗಿ ನಿಲ್ಲುವ ಅದು ಕಾಣುವುದು ಅದೃಷ್ಟ. ನನಗೆ ಕಾಣಲಿಲ್ಲ.

ಗಿಡಗಳಿಗೆ ಮಾರ್ಚ್ ಸ್ವಲ್ಪ ಬೇಗ. ವಿಲ್ಲೋ ಮರಗಳಲ್ಲಿ ಹಳದಿ ಹೂಗೊಂಚಲು, ಎಲೆಯೇ ಇಲ್ಲದ ಬ್ಲ್ಯಾಕ್‌ಥಾರ್ನ್ ಪೊದೆಗಳ ತುಂಬ ಬಿಳಿ ಹೂ. ಹಳದಿ ಐರಿಸ್ ನೋಡಬೇಕೆಂದರೆ ಜೂನ್‌ಗೆ ಹೋಗಿ. ಬೇಸಿಗೆ ಕೊನೆಗೆ ಹೋದರೆ ನದಿಯಂಚಿನಲ್ಲಿ ಹಿಮಾಲಯದ ಬಾಲ್ಸಮ್ ಸಿಗಬಹುದು. ನಮ್ಮ ಗೌರಿಹೂವಿನ ನೆಂಟ. 1839ರಲ್ಲಿ ತೋಟಕ್ಕೆಂದು ತಂದದ್ದು ಈಗ ಹೊಳೆದಂಡೆಗಳಿಗೆಲ್ಲ ಪೀಡೆ. ಮಾಗಿದ ಕಾಯಿ ಮುಟ್ಟಿದರೆ ಸಿಡಿದು ಬೀಜ ಚೆಲ್ಲುತ್ತದೆ. ಆಸೆಯಾಗುತ್ತದೆ, ಮುಟ್ಟಬೇಡಿ.

ದುರ್ಬೀನು ಮರೆಯಬೇಡಿ. ಕಾಫಿ, ಶೌಚಾಲಯ ಎರಡೂ ನೀರಿನ ನಡುವೆ ಕಟ್ಟಿರುವ ಕೇಂದ್ರದಲ್ಲಿವೆ, ಏರಿಯ ಮೇಲೆ ದೂರ ಹೋಗುವ ಮುಂಚೆ ಮುಗಿಸಿಕೊಳ್ಳಿ. ಟ್ರೆಂಟ್ ಉಕ್ಕಿದಾಗ ದಾರಿಗಳು ಮುಳುಗುತ್ತವೆ. ಮಳೆ ಬಂದಿದ್ದರೆ ವಿಚಾರಿಸಿಯೇ ಹೊರಡಿ. ನದಿ ಪಕ್ಕದ ತಗ್ಗಿನಲ್ಲಿ ಪಾದ ಮುಳುಗುವಷ್ಟೇ ನೀರು ಅಂತ ನಾನು ಕಾಲಿಟ್ಟೆ, ಮೀನಖಂಡದವರೆಗೆ ಬಂತು. ಒಂದು ಜೊತೆ ಸಾಕ್ಸ್ ಹೆಚ್ಚಿಗೆ ಇಟ್ಟುಕೊಳ್ಳಿ.