64 ಕೆಬಿ ಗಡಿಯಲ್ಲಿ ಕಳೆದ ಸ್ಯಾಂಪಲ್‌ಗಳು

ಪಂಪುಗಳ ಕಂಪನವನ್ನು ದಾಖಲಿಸುವ ಸಾಫ್ಟ್‌ವೇರನ್ನು ನಮ್ಮ ತಂಡ ಹಳೆಯ ಪಿಸಿಯಾದ ಎಕ್ಸ್‌ಟಿ ಯಂತ್ರಕ್ಕಾಗಿ, ಸಿ ಭಾಷೆಯ ಕಂಪೈಲರ್ ಆದ ಟರ್ಬೊ ಸಿಯಲ್ಲಿ ಬರೆದಿತ್ತು. ಗ್ರಾಹಕರ ಎದುರಿನ ಪರೀಕ್ಷೆಯಲ್ಲಿ ರೆಕಾರ್ಡಿಂಗ್ ಅವಧಿಯನ್ನು ಹೆಚ್ಚಿಸಿದಾಗ, ಪಂಪು ಚಾಲೂ ಆಗುವ ಅಲೆ ಇರಬೇಕಾದ ಗ್ರಾಫಿನ ಆರಂಭದಲ್ಲಿ ಅದು ನಿಲ್ಲುವಾಗಿನ ಅಲೆ ಮೂಡಿತು. ಎರರ್ ಸಂದೇಶ ಒಂದೂ ಇರಲಿಲ್ಲ. ಗ್ರಾಹಕರ ಎಂಜಿನಿಯರ್ ಸೆನ್ಸರ್ ಕೇಬಲ್ಲನ್ನು ಬಿಚ್ಚಿ ಜೋಡಿಸುತ್ತಿದ್ದಷ್ಟು ಹೊತ್ತೂ ನಾವು ಡಿಬಗರ್‌ನಲ್ಲಿ ಬಫರಿನ (ಅಳತೆಗಳನ್ನು ತುಂಬಿಡುವ ಮೆಮೊರಿಯ) ಪಾಯಿಂಟರನ್ನೇ, ಅಂದರೆ ಮುಂದಿನ ಅಳತೆ ಕೂರಬೇಕಾದ ವಿಳಾಸವನ್ನೇ, ನೋಡುತ್ತಿದ್ದೆವು. ಆ ವಿಳಾಸದ ಮೊದಲ ಭಾಗವಾದ ಸೆಗ್ಮೆಂಟ್ ಕದಲಲಿಲ್ಲ, ಅಲ್ಲಿಂದ ಎಷ್ಟು ದೂರ ಎಂದು ಹೇಳುವ ಆಫ್‌ಸೆಟ್ ಮಾತ್ರ ಏರುತ್ತ ಏರುತ್ತ 65,534 ಮುಟ್ಟಿ, ಮರುಕ್ಷಣ ಸೊನ್ನೆಯಾಯಿತು.

1978ರ 8086 ಪ್ರೊಸೆಸರಿನಲ್ಲಿ ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿಸಿದರೆ 1 ಎಂಬಿ ಮೆಮೊರಿ ಕೈಗೆಟಕುತ್ತದೆ, ನಿಜ. ಆದರೆ ಸೆಗ್ಮೆಂಟ್, ಆಫ್‌ಸೆಟ್ ಎರಡನ್ನೂ ಹೊತ್ತ ಫಾರ್ ಪಾಯಿಂಟರನ್ನು ಮುಂದೆ ಸರಿಸುವಾಗ ಕಂಪೈಲರ್ ಕೂಡಿಸುವುದು 16 ಬಿಟ್‌ನ, ಅಂದರೆ 64 ಕೆಬಿ ಮೀರಲಾಗದ, ಆಫ್‌ಸೆಟ್‌ಗೆ ಮಾತ್ರ. ಗಡಿ ತಲುಪಿದ ಮೇಲೆ ಹೊಸ ಸ್ಯಾಂಪಲ್‌ಗಳು, ಅಂದರೆ ಸೆನ್ಸರಿನ ಅಳತೆಗಳು, ಹಳೆಯವುಗಳ ಮೇಲೆಯೇ ಬಂದು ಕೂರುತ್ತವೆ.

ಎಲ್ಲವನ್ನೂ ಹ್ಯೂಜ್ ಮಾಡೆಲ್‌ನಲ್ಲಿ (ಕೋಡ್, ದತ್ತಾಂಶ ಎರಡೂ 64 ಕೆಬಿ ಮೀರಬಹುದಾದ ಕಂಪೈಲರ್ ಆಯ್ಕೆಯಲ್ಲಿ) ಕಂಪೈಲ್ ಮಾಡಿರೆಂದು ಮ್ಯಾನೇಜರ್ ಅಲ್ಲೇ ಆದೇಶಿಸಿದರು. ಟರ್ಬೊ ಸಿಯ ಆ ಮಾಡೆಲ್‌ನಲ್ಲಿಯೂ ಪಾಯಿಂಟರುಗಳು ಫಾರ್ ಆಗಿಯೇ ಉಳಿಯುತ್ತವೆ ಎಂಬುದನ್ನು ಕೇಳಿಸಿಕೊಳ್ಳುವ ವ್ಯವಧಾನ ಅವರಿಗಿರಲಿಲ್ಲ. ದೋಷ ಇದ್ದಂತೆಯೇ ಇತ್ತು, ವೇಗವೊಂದು ಕುಸಿಯಿತು: 8086ರಲ್ಲಿ ಒಂದೇ ಸೆಗ್ಮೆಂಟಿನೊಳಗೆ ಫಂಕ್ಷನ್ ಕರೆಯುವ ನಿಯರ್ ಕಾಲ್‌ಗೆ 19 ಕ್ಲಾಕ್ ಸಾಕಾದರೆ, ಹ್ಯೂಜ್ ಮಾಡೆಲ್ ಬಳಸುವ, ಬೇರೆ ಸೆಗ್ಮೆಂಟಿಗೂ ಹೋಗಬಲ್ಲ ಫಾರ್ ಕಾಲ್‌ಗೆ 28 ಬೇಕು, ಎಕ್ಸ್‌ಟಿಯಲ್ಲಿದ್ದ ಅದೇ ಬಗೆಯ 8088ಕ್ಕೆ 8 ಬಿಟ್ ಬಸ್ ಇರುವುದರಿಂದ ಇನ್ನೂ ಹೆಚ್ಚು. ಬಫರಿನ ಪಾಯಿಂಟರನ್ನೇ ಹ್ಯೂಜ್ ಎಂದು ಘೋಷಿಸಿದಾಗ ಗ್ರಾಫಿನ ಆರಂಭ ಸರಿಹೋಯಿತು. ಆದರೆ ಪ್ರತಿ ಸಲವೂ ಪಾಯಿಂಟರನ್ನು ನಾರ್ಮಲೈಸ್ ಮಾಡುವ (ಆಫ್‌ಸೆಟನ್ನು ಚಿಕ್ಕದಾಗಿಸಿ ಉಳಿದದ್ದನ್ನು ಸೆಗ್ಮೆಂಟಿಗೆ ಸೇರಿಸುವ) ರುಟೀನ್ ಓಡಬೇಕಾಗಿ, ಪ್ರತಿ ಸ್ಯಾಂಪಲ್ಲನ್ನು ಬರೆದಿಡುವ ಇಂಟರಪ್ಟ್ ಹ್ಯಾಂಡ್ಲರ್ ಮುಗಿಯುವುದರೊಳಗೆ ಮುಂದಿನ ಸ್ಯಾಂಪಲ್ ಬಂದು ಕಳೆದುಹೋಗುತ್ತಿತ್ತು. ತಪ್ಪಾದ ಗ್ರಾಫಿಗಿಂತ ಇದು ಹೆಚ್ಚು ಅಪಾಯಕಾರಿ ಎಂದು ನಾನು ಈಗಲೂ ನಂಬುತ್ತೇನೆ, ಏಕೆಂದರೆ ಅಲೆಯ ಆಕಾರ ಸಹಜವಾಗಿಯೇ ಕಾಣುತ್ತದೆ, ಅದರ ಆವರ್ತನ ಮಾತ್ರ ಸುಳ್ಳಾಗಿರುತ್ತದೆ.

ಎಲ್ಲಿ ಗಡಿ ದಾಟಬೇಕೆಂಬುದನ್ನು ದತ್ತಾಂಶವನ್ನು ಬಲ್ಲವರೇ ನಿರ್ಧರಿಸಬೇಕು. ಕಂಪೈಲರಿನ ಒಂದು ಸ್ವಿಚ್ಚಿಗೆ ಅದನ್ನು ಒಪ್ಪಿಸಲಾಗದು. ನಾವು ಬಫರನ್ನು 32 ಕೆಬಿಯ ತುಂಡುಗಳಾಗಿ ಒಡೆದೆವು. ತುಂಡಿನೊಳಗೆ ಆಫ್‌ಸೆಟ್ ಮಾತ್ರ ಏರುತ್ತದೆ. ತುಂಡು ತುಂಬಿದಾಗ ಸೆಗ್ಮೆಂಟ್‌ಗೆ 2048 (32 ಕೆಬಿಯ 16ನೇ ಒಂದು ಭಾಗ) ಕೂಡಿಸಿ ಆಫ್‌ಸೆಟನ್ನು ಮೊದಲಿನ ಬೆಲೆಗೆ ತರುತ್ತೇವೆ. ಕೋಡ್ 64 ಕೆಬಿಯೊಳಗೇ ಇದ್ದುದರಿಂದ ಉಳಿದೆಲ್ಲವನ್ನೂ ಕೋಡಿಗೂ ದತ್ತಾಂಶಕ್ಕೂ ತಲಾ 64 ಕೆಬಿ ಇರುವ ಸ್ಮಾಲ್ ಮಾಡೆಲ್‌ಗೆ ಮರಳಿಸಿದೆವು. ಮರುಪರೀಕ್ಷೆಯಲ್ಲಿ ಒಂದು ಸ್ಯಾಂಪಲ್ಲೂ ತಪ್ಪಲಿಲ್ಲ.