ಪಣಂಬೂರಿನ ಬಿಳಿ ಹಡಗು

ಬಂದರಿನ ಗೇಟು ದಾಟಿದ ಕೂಡಲೇ ಕಣ್ಣಿಗೆ ಬಿದ್ದದ್ದು ಬಣ್ಣ. ತೋಪು ಇರುವ ಹಡಗು ಅಂದ್ರೆ ಬೂದು ಬಣ್ಣದ್ದು ಅಂತ ನನ್ನ ತಲೆಯಲ್ಲಿ ಕೂತಿತ್ತು. ಮಂಗಳೂರಿನ ಈ ಪಣಂಬೂರಿನಲ್ಲಿ ಎದುರಿಗೆ ನಿಂತದ್ದು ಅಪ್ಪಟ ಬಿಳಿ, ಬದಿಯಲ್ಲಿ ಓರೆ ಪಟ್ಟೆ.

"ಇದು ನೇವಿ ಅಲ್ಲ ಮಾರಾಯ, ಕೋಸ್ಟ್ ಗಾರ್ಡ್," ಅಂದರು ಭಾವ.

ಫೆಬ್ರವರಿ 1 ಈ ಪಡೆ ಹುಟ್ಟಿದ ದಿನ. ಅದರ ಆಸುಪಾಸಿನಲ್ಲಿ ಹೊರಗಿನವರನ್ನೂ ಹಡಗು ಹತ್ತಿಸಿ ಸಮುದ್ರಕ್ಕೆ ಕರೆದೊಯ್ಯುವುದುಂಟು. ಭಾವನ ಗೆಳೆಯರೊಬ್ಬರು ಇಲ್ಲಿ ಯಾಂತ್ರಿಕ, ಅಂದರೆ ಇಂಜಿನ್ ಕಡೆಯವರು. ಹಾಗಾಗಿ ಘಟ್ಟದ ಮೇಲಿನಿಂದ ಬಂದ ನನಗೂ ಒಂದು ಜಾಗ ಸಿಕ್ಕಿತು.

ಹಡಗು ಬಂದರಿನ ಬಾಯಿ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಅಲೆ ಶುರುವಾಯಿತು. ಬೆಳಿಗ್ಗೆ ತಿಂದ ನೀರುದೋಸೆ ಗಂಟಲಿಗೆ ಬಂತು. "ದೂರದ ಗೆರೆ ನೋಡ್ತಾ ನಿಲ್ಲಿ, ಕೆಳಗೆ ನೋಡ್ಬೇಡಿ," ಅಂದ ಯಾಂತ್ರಿಕರು ನನ್ನ ಗಮನ ಬೇರೆ ಕಡೆ ಎಳೆಯಲೆಂದೋ ಏನೋ, ಕತೆ ಶುರು ಮಾಡಿದರು.

ಈ ಪಡೆ ಹುಟ್ಟಲು ದೊಡ್ಡ ಕಾರಣ ಕಳ್ಳಸಾಗಣೆಯಂತೆ. ಅರವತ್ತು, ಎಪ್ಪತ್ತರ ದಶಕದಲ್ಲಿ ಚಿನ್ನ ಹೊತ್ತ ದೋಣಿಗಳು ಅರಬ್ಬಿ ಸಮುದ್ರ ದಾಟಿ ಬರುತ್ತಿದ್ದವು. ಅವನ್ನು ಬೆನ್ನಟ್ಟಿ ಹಿಡಿಯುವ ಶಕ್ತಿ ಕಸ್ಟಮ್ಸ್ ಬೋಟುಗಳಿಗೆ ಇರಲಿಲ್ಲ. ಯುದ್ಧಕ್ಕೆ ಕಟ್ಟಿದ ನೇವಿಯನ್ನು ಕಳ್ಳರ ಹಿಂದೆ ಓಡಿಸುವುದೂ ಸರಿಯಲ್ಲ, ಅಲ್ವಾ? 1974ರಲ್ಲಿ ಕೆ.ಎಫ್. ರುಸ್ತಮ್‌ಜಿ ಸಮಿತಿ ಕೂತಿತು. ಬಿಎಸ್‌ಎಫ್‌ನ ಮೊದಲ ಮುಖ್ಯಸ್ಥರು ಅವರು. ನೆಲದ ಗಡಿ ಕಾದವರಿಗೇ ನೀರಿನ ಗಡಿಯನ್ನೂ ಕೇಳಿದ್ದು ನನಗೆ ಇಷ್ಟವಾಯಿತು. ಅದೇ ವರ್ಷ ಮುಂಬೈ ಆಚೆಯ ಸಮುದ್ರದಲ್ಲಿ, ಬಾಂಬೆ ಹೈ ಅನ್ನುವಲ್ಲಿ, ಎಣ್ಣೆ ಸಿಕ್ಕಿತ್ತು. 1976ರ ಕಾನೂನು ದಡದಿಂದ 200 ನಾಟಿಕಲ್ ಮೈಲಿವರೆಗಿನ, ಅಂದರೆ ಸುಮಾರು 370 ಕಿ.ಮೀ. ದೂರದವರೆಗಿನ ಸಂಪತ್ತು ನಮ್ಮದು ಅಂತ ಹೇಳಿತು. ಅಷ್ಟು ದೊಡ್ಡ ಹೊಲ ಬರೆಸಿಕೊಂಡ ಮೇಲೆ ಕಾವಲಿಗೆ ಆಳು ಬೇಡವಾ?

ಆಳು ಬಂದದ್ದು 1977ರ ಫೆಬ್ರವರಿ 1ರಂದು, ಅದೂ ನೇವಿಯ ಹಳೇ ಬಟ್ಟೆಯಲ್ಲಿ. ಕೃಪಾಣ್, ಕುಠಾರ್ ಎಂಬ ಎರಡು ಹಳೆಯ ಹಡಗು, ಐದು ಗಸ್ತು ಬೋಟು. ಇಷ್ಟೇ ಆಸ್ತಿ. ಮರುವರ್ಷ ಕಾನೂನು ಬಂತು. 1978ರ ಆಗಸ್ಟ್ 19ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದರು. ವೈಸ್ ಅಡ್ಮಿರಲ್ ವಿ.ಎ. ಕಾಮತ್ ಮೊದಲ ಮಹಾನಿರ್ದೇಶಕರು.

ಪಡೆ ರಕ್ಷಣಾ ಸಚಿವಾಲಯದ ಕೆಳಗಿದೆ. ಆದರೆ ಹುದ್ದೆಗಳ ಹೆಸರು ಕೇಳಿದರೆ ಪೊಲೀಸ್ ಇಲಾಖೆಯ ನೆನಪು: ಡಿಐಜಿ, ಐಜಿ. ಕಮಾಂಡೆಂಟ್ ಕೂಡ ಉಂಟು. ದೆಹಲಿಯಲ್ಲಿ ಮುಖ್ಯ ಕಚೇರಿ, ಅದರ ಕೆಳಗೆ ಐದು ವಲಯ. ನಮ್ಮ ಕರ್ನಾಟಕ, ಪಡೆಯ ಲೆಕ್ಕದಲ್ಲಿ, ಮುಂಬೈ ಕೇಂದ್ರವಾದ ಪಶ್ಚಿಮ ವಲಯಕ್ಕೆ ಸೇರಿದ 3ನೇ ಜಿಲ್ಲೆ. ಅದರ ಕೇಂದ್ರ ಪಣಂಬೂರಿನಲ್ಲೇ ಇದೆ. ಕಾರವಾರದಲ್ಲೂ ಒಂದು ಠಾಣೆ.

"ಅಗೋ, ಆ ಕಡೆ ಮೂಲ್ಕಿ," ಅಂತ ಭಾವ ಉತ್ತರಕ್ಕೆ ಕೈ ತೋರಿಸಿದರು. ನನಗೆ ಬರೀ ಮಬ್ಬು ಕಂಡಿತು. 2021ರ ಮೇ ತಿಂಗಳು, ತೌಕ್ತೆ ಚಂಡಮಾರುತ. ಅಲ್ಲಿನ ಬಂಡೆಗಳ ಹತ್ತಿರ ಒಂದು ಟಗ್, ಅಂದರೆ ದೊಡ್ಡ ಹಡಗು ಎಳೆಯುವ ಬೋಟು, ಸಿಕ್ಕಿಹಾಕಿಕೊಂಡಿತ್ತು. ಒಳಗೆ 9 ಜನ. ನಾಲ್ವರನ್ನು ನೇವಿ ಹೆಲಿಕಾಪ್ಟರ್ ಎತ್ತಿತು, ಐವರನ್ನು ಕೋಸ್ಟ್ ಗಾರ್ಡ್ ಬೋಟು ತಂದಿತು. ಭಾವ ಅದನ್ನೆಲ್ಲ ಟಿವಿಯಲ್ಲಿ ನೋಡಿದವರು. ಈಗ ಇಷ್ಟು ಸಣ್ಣ ಅಲೆಗೇ ನನ್ನ ಕಾಲು ನಿಲ್ಲುತ್ತಿರಲಿಲ್ಲ. ಅಂಥ ಗಾಳಿಯಲ್ಲಿ ಸಣ್ಣ ಬೋಟು ಇಳಿಸುವುದು ಹೇಗೆ ಅಂತ ಕೇಳಿದೆ. ಯಾಂತ್ರಿಕರು ನಕ್ಕು ಸುಮ್ಮನಾದರು.

ಮರುದಿನ ಉಡುಪಿ ಹತ್ತಿರದ ಮೀನುಗಾರಿಕೆ ಬಂದರು ಮಲ್ಪೆಗೆ ಹೋದೆ. ಆಟೋದವರಿಗೆ "ಕೋಸ್ಟ್ ಗಾರ್ಡ್" ಅಂದಿದ್ದಕ್ಕೆ ಕರಾವಳಿ ಕಾವಲು ಪೊಲೀಸರ ಕಚೇರಿ ಮುಂದೆ ಇಳಿಸಿದರು. ಅವರದ್ದೂ ತಪ್ಪಲ್ಲ. ಹೆಸರು ಎರಡೂ ಒಂದೇ ಥರ. ಈ ಪೊಲೀಸರು ರಾಜ್ಯ ಸರ್ಕಾರದವರು, ದಡಕ್ಕೆ ಹತ್ತಿರದ ನೀರು ಇವರ ಪಾಲು. 2008ರ ಮುಂಬೈ ದಾಳಿಯ ಮೇಲೆ ನೇವಿ, ಕೋಸ್ಟ್ ಗಾರ್ಡ್, ಪೊಲೀಸ್ ಮೂವರಿಗೂ ಕೆಲಸ ಹೊಸದಾಗಿ ಹಂಚಲಾಯಿತು.

ದಕ್ಕೆಯಲ್ಲಿ ಒಬ್ಬ ತಾಂಡೇಲರು, ಅಂದರೆ ಮೀನು ಬೋಟು ನಡೆಸುವವರು, ಬೋಟಿನ ಕ್ಯಾಬಿನ್ ತೋರಿಸಿದರು. ಸ್ಟೇರಿಂಗ್ ಮೇಲೆ ಎರಡು ನಂಬರು ಬರೆದಿತ್ತು: 1093, 1554. ಮೊದಲನೆಯದು ಪೊಲೀಸರದ್ದು, ಎರಡನೆಯದು ಕೋಸ್ಟ್ ಗಾರ್ಡ್‌ನದ್ದು.

"ತೊಂದರೆ ಆದ್ರೆ ಮೊದಲು ಯಾವುದಕ್ಕೆ ಮಾಡ್ತೀರಿ?"

"ಎರಡಕ್ಕೂ ಇಲ್ಲ. ಮೊದಲು ವಯರ್‌ಲೆಸ್‌ನಲ್ಲಿ ಪಕ್ಕದ ಬೋಟಿನವರಿಗೆ. ಅವರು ಹತ್ತಿರ ಇರ್ತಾರಲ್ಲ." ಸ್ವಲ್ಪ ತಡೆದು ಹೇಳಿದರು, "ಪಕ್ಕದಲ್ಲಿ ಯಾರೂ ಇಲ್ಲದ ದಿನವೂ ಉಂಟು. 2018ರಲ್ಲಿ ಸುವರ್ಣ ತ್ರಿಭುಜ ಬೋಟು ಹೋಯ್ತಲ್ಲ, ಇಲ್ಲಿಂದಲೇ ಹೊರಟದ್ದು. ಏಳು ಜನ."

ಆ ಬೋಟಿನ ಅವಶೇಷ ಮುಂದಿನ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಸಮುದ್ರದಡಿ ನೇವಿಗೆ ಸಿಕ್ಕಿತು. ಜನ ಸಿಗಲಿಲ್ಲ. ನಾನು ಏನು ಹೇಳುವುದು ಅಂತ ಯೋಚಿಸುವಷ್ಟರಲ್ಲಿ ಐಸ್ ಲಾರಿ ಬಂತು. ತಾಂಡೇಲರು ಎದ್ದು ಹೋದರು.