ಹುರಿದುಂಬಿಸುವವರ ಊರಿನಲ್ಲಿ ಒಂದು ಶನಿವಾರ

ಚಿಕಾಗೋದಿಂದ ಸೌತ್ ಬೆಂಡ್‌ಗೆ ಸುಮಾರು 150 ಕಿಲೋಮೀಟರ್. ಗ್ಯಾರಿಯ ಉಕ್ಕಿನ ಕಾರ್ಖಾನೆಗಳು ಹಿಂದಾಗಿ ಇನ್ನಷ್ಟು ದೂರ ಹೋದರೆ ಗಡಿಯಾರವನ್ನು ಒಂದು ಗಂಟೆ ಮುಂದಿಡಬೇಕು. 2019ರ ನವೆಂಬರ್ 16. ಕಾರು ಓಡಿಸುತ್ತಿದ್ದ ಅಕ್ಕನ ಮಗ, “ಮಾವ, ಇವತ್ತು ಟಿಕೆಟ್ ಇಷ್ಟು ಸುಲಭವಾಗಿ ಸಿಕ್ಕಿತಲ್ಲ, ಅದೇ ಸೋಜಿಗ” ಎಂದ. ಅಲ್ಲಿನ ನೋಟರ್ ಡೇಮ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 1973ರಿಂದ ಸತತ 273 ಪಂದ್ಯಗಳಿಗೆ ಒಂದು ಸೀಟೂ ಉಳಿಯದೆ ಮಾರಾಟವಾಗಿತ್ತು. ಆ ಸರಣಿ ಕಡಿದುಬಿದ್ದದ್ದು ನಾವು ಹೋದ ದಿನವೇ. ಎದುರಾಳಿ ನೌಕಾಪಡೆಯ ಅಕಾಡೆಮಿಯ ತಂಡ, ನೇವಿ.

ಬಂಗಾರದ ಗುಮ್ಮಟ, ಲೂರ್ದ್‌ನ ಮಾದರಿಯಲ್ಲಿ ಕಟ್ಟಿದ ಮೇರಿಯ ಗುಹೆ, ಗ್ರಂಥಾಲಯದ ಗೋಡೆಯ ಮೇಲೆ ಕೈಯೆತ್ತಿ ನಿಂತ ಬೃಹತ್ ಕ್ರಿಸ್ತ ಇವೆಲ್ಲವನ್ನೂ ಬೇಗನೆ ನೋಡಿ ಮುಗಿಸಿದೆವು. ಚೆಂಡು ಗೆರೆ ದಾಟಿದಾಗ ರೆಫರಿಯೂ ಹಾಗೆಯೇ ಎರಡು ಕೈ ಎತ್ತುತ್ತಾನೆ. ಹೀಗಾಗಿ ಭಕ್ತರೇ ಆ ಚಿತ್ರಕ್ಕೆ ‘ಟಚ್‌ಡೌನ್ ಜೀಸಸ್’ ಎಂದು ಹೆಸರಿಟ್ಟಿದ್ದಾರೆ. ದೇವರನ್ನೇ ಬಿಡದವರು ತರಬೇತುದಾರರನ್ನು ಬಿಟ್ಟಾರೆಯೇ?

ಬಿಡುವುದಿಲ್ಲ ಎಂಬುದು ಲೂ ಹೋಲ್ಟ್ಸ್ ಅವರ ಪ್ರತಿಮೆಯ ಬಳಿ ಗೊತ್ತಾಯಿತು. 1986ರಿಂದ 1996ರವರೆಗೆ ಈ ತಂಡದ ತರಬೇತುದಾರರಾಗಿದ್ದ ಹೋಲ್ಟ್ಸ್, 1988ರಲ್ಲಿ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವರು. ಅನಂತರ ಇಎಸ್‌ಪಿಎನ್ ವಾಹಿನಿಯಲ್ಲಿ ವಿಶ್ಲೇಷಕರಾದರು. ಅಲ್ಲಿ ಅವರಿಗೊಂದು ವಿಶೇಷ ಪಾತ್ರವಿತ್ತು: ಆ ವಾರ ಆಡಲಿರುವ ಯಾವುದಾದರೂ ತಂಡದ ತರಬೇತುದಾರನಂತೆ ಕ್ಯಾಮೆರಾದ ಮುಂದೆ ನಿಂತು, ಎದುರಿಗಿಲ್ಲದ ಆಟಗಾರರನ್ನು ಹುರಿದುಂಬಿಸುವುದು. ನಮ್ಮಲ್ಲಾದರೆ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಇಲ್ಲಿನವರು ಆ ಭಾಷಣಗಳನ್ನು ಇಂದಿಗೂ ಅಣಕಿಸುತ್ತಾ ಕಾಲ ಕಳೆಯುತ್ತಾರೆ.

ಕಾರು ನಿಲ್ಲಿಸುವ ಬಯಲಿನಲ್ಲಿ, ಡಿಕ್ಕಿ ತೆರೆದು ಸಾಸೇಜ್ ಸುಡುತ್ತಿದ್ದ ಗುಂಪೊಂದು ನಮ್ಮನ್ನೂ ಕರೆದು ಕೂರಿಸಿಕೊಂಡಿತು. ಅವರಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬರು ಹಸಿರು ಟೋಪಿ ಸರಿಪಡಿಸಿಕೊಂಡು ಎದ್ದು ನಿಂತರು. ಹೋಲ್ಟ್ಸ್ ಅವರಿಗೆ ‘ಸ’ಕಾರ ತೊದಲುತ್ತಿತ್ತು, ಇವರು ಸಕಾರವಿರುವ ಮಾತುಗಳನ್ನೇ ಹುಡುಕಿ ಹುಡುಕಿ ಪೋಣಿಸಿದರು. “ಮಕ್ಕಳೇ, ನೇವಿ ಎಂದರೆ ಸಾಮಾನ್ಯವಲ್ಲ. ಅವರ ಬಳಿ ಹಡಗುಗಳಿವೆ. ನಮ್ಮ ಬಳಿ ಎರಡು ಕೆರೆಗಳಿವೆ, ಅದರಲ್ಲಿ ಬಾತುಕೋಳಿಗಳಿವೆ!” ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎದುರಾಳಿ ಎಷ್ಟೇ ದುರ್ಬಲವಾಗಿದ್ದರೂ ಅದನ್ನು ದಿಗ್ವಿಜಯಕ್ಕೆ ಹೊರಟ ಸೈನ್ಯದಂತೆ ಬಣ್ಣಿಸುವುದು ಹೋಲ್ಟ್ಸ್ ಅವರ ಹಳೆಯ ಅಭ್ಯಾಸವಾಗಿತ್ತು. ತಮ್ಮ ಹನ್ನೊಂದು ವರ್ಷಗಳಲ್ಲಿ ನೇವಿಗೆ ಅವರು ಒಮ್ಮೆಯೂ ಸೋತಿಲ್ಲ ಎಂಬುದು ತಿಳಿದಾಗಲೇ ನನಗೆ ನಗು ಬಂದದ್ದು.

ಇನ್ನೊಬ್ಬಾಕೆ 1988ರ ಮಯಾಮಿ ಪಂದ್ಯವನ್ನು ನೆನೆದರು. ಆಟಕ್ಕೆ ಮುಂಚೆ ಎರಡು ತಂಡಗಳೂ ಸುರಂಗದ ಬಳಿ ಕೈಕೈ ಮಿಲಾಯಿಸಿದ್ದವು. ಒಳಗೆ ಹೋಲ್ಟ್ಸ್ ತಮ್ಮ ಹುಡುಗರಿಗೆ, ಮಯಾಮಿಯ ತರಬೇತುದಾರ ಜಿಮ್ಮಿ ಜಾನ್ಸನ್‌ರನ್ನು ಮಾತ್ರ ತನಗೇ ಬಿಡಬೇಕೆಂದು ತಾಕೀತು ಮಾಡಿದರಂತೆ. “ಗಾಳಿ ಜೋರಾಗಿ ಬೀಸಿದರೆ ಹಾರಿಹೋಗುವ ಮನುಷ್ಯ!” ಎಂದು ಆಕೆ ಹೋಲ್ಟ್ಸ್ ಅವರ ಮೈಕಟ್ಟಿಗೆ ಕಿರುಬೆರಳು ತೋರಿಸಿದರು. ಪಂದ್ಯ 31–30ರಿಂದ ನೋಟರ್ ಡೇಮ್ ಪಾಲಾಯಿತು. ನಗುತ್ತಲೇ ಹೇಳುತ್ತಿದ್ದವರು ಅಂಕ ಹೇಳುವಾಗ ಮಾತ್ರ ಬೆನ್ನು ನೇರ ಮಾಡಿಕೊಂಡರು.

ಇಂಥ ಮಾತುಗಾರಿಕೆಗೆ ಇಲ್ಲಿ ಹಳೆಯ ಮನೆತನವೇ ಇದೆ. ಹಿಂದೆ ಇದೇ ತಂಡದಲ್ಲಿ ಆಡುತ್ತಿದ್ದ ಜಾರ್ಜ್ ಗಿಪ್ ಸಾಯುವಾಗ ಹೇಳಿದ ಕೊನೆಯ ಆಸೆ ಎಂದು ಹೇಳಿ, 1928ರಲ್ಲಿ ಆರ್ಮಿ ತಂಡದ ವಿರುದ್ಧ ಹುಡುಗರನ್ನು ಎಬ್ಬಿಸಿ ಗೆಲ್ಲಿಸಿದವರು ಅಂದಿನ ತರಬೇತುದಾರ ಕ್ನೂಟ್ ರಾಕ್ನಿ. ಅದಕ್ಕೂ ಮುಂಚೆ, 1922ರ ಜಾರ್ಜಿಯಾ ಟೆಕ್ ಪಂದ್ಯದಲ್ಲಿ, ತನ್ನ ಪುಟ್ಟ ಮಗ ಆಸ್ಪತ್ರೆಯಲ್ಲಿದ್ದಾನೆ ಎಂದು ಅವರು ಕಣ್ಣೀರು ತರಿಸಿದ್ದರು. ಗೆದ್ದು ಊರಿಗೆ ಮರಳಿದರೆ ಆ ಮಗ ಗುಂಡುಕಲ್ಲಿನಂತೆ ನಿಲ್ದಾಣದಲ್ಲಿ ಕುಣಿಯುತ್ತಿದ್ದನಂತೆ! ಮೋಸ ಎಂದು ಇವರಲ್ಲಿ ಯಾರೂ ಮುನಿಸಿಕೊಂಡಂತೆ ಕಾಣಲಿಲ್ಲ. ನನಗಂತೂ ಗಿಪ್‌ನ ಕಥೆಗಿಂತ ಈ ಹುಡುಗನ ಕಥೆಯೇ ಹೆಚ್ಚು ಇಷ್ಟವಾಯಿತು.

ಮಧ್ಯಾಹ್ನ ಎರಡೂವರೆಗೆ ಆಟ ಶುರು. ಚಳಿಗೆ ಬೆರಳುಗಳು ಮರಗಟ್ಟಿದ್ದವು. ನಿಯಮ ಅರ್ಧಂಬರ್ಧ ಅರ್ಥವಾದರೂ ಒಂದು ಲೆಕ್ಕ ಸ್ಪಷ್ಟವಾಗಿತ್ತು: ತವರು ತಂಡ ಅಂಕ ಗಳಿಸಿದಾಗಲೆಲ್ಲ ವಿದ್ಯಾರ್ಥಿಗಳು ಗೆಳೆಯನೊಬ್ಬನನ್ನು ಅಡ್ಡಡ್ಡ ಎತ್ತಿ ಹಿಡಿದು, ಒಟ್ಟು ಅಂಕಗಳಷ್ಟು ಬಾರಿ ದಂಡ ಹೊಡೆಸುತ್ತಾರೆ. ಅರ್ಧ ಆಟಕ್ಕೆ 38–3. ಎತ್ತಿದವರ ತೋಳುಗಳೇ ಸೋತಿದ್ದವು.

ಪಂದ್ಯ 52–20ಕ್ಕೆ ಮುಗಿಯಿತು. ಕಾರಿನ ಕಡೆ ನಡೆಯುವಾಗ ಹಸಿರು ಟೋಪಿಯ ಹಿರಿಯರು ಮತ್ತೆ ಎದುರಾದರು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು, ಅದೇ ತೊದಲು ದನಿಯಲ್ಲಿ ಕೇಳಿದರು: “ನೋಡಿದಿರಾ? ಇಪ್ಪತ್ತು ಅಂಕ ಹೊಡೆದರು! ಸಾಮಾನ್ಯ ತಂಡವಲ್ಲ ಎಂದು ಬೆಳಿಗ್ಗೆಯೇ ನಾನು ಎಚ್ಚರಿಸಿರಲಿಲ್ಲವೇ?”